ಪ್ರಕ್ರಿಯಾ ಸ್ಥಾವರಗಳ ವಿನ್ಯಾಸ: ಗಂಧಕಾಮ್ಲದ ನಿದರ್ಶನದೊಡನೆ ಕೆಲವು ಮೂಲತತ್ತ್ವಗಳು

೧. ಪೀಠಿಕೆ

ಕಬ್ಬನ್ನು ಅರೆದು, ರಸವನ್ನು ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲ ಮಾಡುವ ಆಲೆಮನೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಗಾಣದಲ್ಲಿ ರಸ ತೆಗೆಯುವುದು, ಸುಣ್ಣ ಹಾಕಿ ಕಲ್ಮಷವನ್ನು ಬೇರ್ಪಡಿಸುವುದು, ನೀರನ್ನು ಆವಿಯಾಗಿಸುವುದು, ಪಾಕವನ್ನು ಅಚ್ಚಿಗೆ ಹೊಯ್ಯುವುದು, ಉಳಿದ ಸಿಪ್ಪೆಯನ್ನು ಒಣಗಿಸಿ ಅದೇ ಒಲೆಗೆ ಉರುವಲಾಗಿ ಬಳಸುವುದು: ಇಷ್ಟೂ ಕೆಲಸಗಳು ಅಲ್ಲಿ ಒಂದಾದ ಮೇಲೊಂದು ನಡೆಯುತ್ತವೆ. ರಾಸಾಯನಿಕ ಕೈಗಾರಿಕೆಯಲ್ಲಿ ನಡೆಯುವುದೂ ತತ್ತ್ವತಃ ಇದೇ. ಕಚ್ಚಾ ವಸ್ತುವನ್ನು ಹಲವು ಹಂತಗಳಲ್ಲಿ ಬೇರೊಂದು ವಸ್ತುವನ್ನಾಗಿ ಮಾರ್ಪಡಿಸುವ ಯಂತ್ರಸಮೂಹಕ್ಕೆ ಪ್ರಕ್ರಿಯಾ ಸ್ಥಾವರವೆಂದು ಹೆಸರು.

ಆದರೆ ಎರಡಕ್ಕೂ ಮುಖ್ಯವಾದ ಭೇದವೊಂದುಂಟು. ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಇಳಿದ ಮೇಲೆ ಇನ್ನೊಂದು ಏರುತ್ತದೆ. ಪಾಕ ಬಂದಿತೋ ಇಲ್ಲವೋ ಎಂಬುದನ್ನು ಅನುಭವಿಯ ಕಣ್ಣೂ ಬೆರಳೂ ನಿರ್ಣಯಿಸುತ್ತವೆ. ಬೃಹತ್ ಸ್ಥಾವರದಲ್ಲಾದರೋ ವಸ್ತುಗಳು ಹಗಲಿರುಳೂ ಎಡೆಬಿಡದೆ ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಹರಿಯುತ್ತಿರುತ್ತವೆ. ಮುಚ್ಚಿದ ಉಕ್ಕಿನೊಳಗೆ ನಡೆಯುವುದನ್ನು ಕಣ್ಣು ಕಾಣದು, ಬೆರಳು ಮುಟ್ಟಲಾರದು. ಹೆಸರು ಸ್ಥಾವರವಾದರೂ ಅದರೊಳಗಿರುವುದೆಲ್ಲವೂ ಜಂಗಮ. ಈ ಚಲನೆಯನ್ನು, ಯಂತ್ರಗಳಾವುವೂ ಇನ್ನೂ ನಿಲ್ಲದಿರುವಾಗಲೇ, ಕಾಗದದ ಮೇಲೆ ಕಲ್ಪಿಸಿ ಲೆಕ್ಕಕ್ಕೆ ತರುವ ವಿದ್ಯೆಯೇ ಸ್ಥಾವರವಿನ್ಯಾಸ.

ಇದು ಎಂಜಿನಿಯರರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವಾಚಕರು ಭಾವಿಸಬಾರದು. ಮುಂಬಯಿಯ ಟ್ರಾಂಬೆ, ಚೆನ್ನೈಯ ಮಣಲಿ, ಹೈದರಾಬಾದಿನ ಪಟಾನ್‌ಚೆರು ಮೊದಲಾದ ಕಡೆಗಳಲ್ಲಿ ಇಂತಹ ಸ್ಥಾವರಗಳ ನೆರೆಯಲ್ಲಿಯೇ ಲಕ್ಷಾಂತರ ಜನ ಬಾಳುತ್ತಿದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಅನೇಕ ಬಗೆಯ ಬೃಹತ್ ಯೋಜನೆಗಳ ವಿಷಯದಲ್ಲಿ ಜನರ ಅಹವಾಲನ್ನು ಬಹಿರಂಗ ಸಭೆಯಲ್ಲಿ ಕೇಳಬೇಕೆಂಬ ನಿಯಮ ೧೯೯೭ರಲ್ಲಿ ಜಾರಿಗೆ ಬಂದಿತು. ಪರಿಸರದ ಮೇಲಾಗುವ ಪರಿಣಾಮವನ್ನು ಕುರಿತ ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ೨೦೦೬ರ ಅಧಿಸೂಚನೆ ವಿಧಿಸಿತು. ಸಭೆಯಲ್ಲಿ ಕೇಳುವ ಹಕ್ಕೇನೋ ದೊರೆತಿದೆ. ಆದರೆ ಏನನ್ನು ಕೇಳಬೇಕೆಂಬುದು ತಿಳಿಯದಿದ್ದರೆ ಹಕ್ಕಿನಿಂದ ಪ್ರಯೋಜನವೇನು? ಆದುದರಿಂದ ವಿನ್ಯಾಸಕಾರನು ಯಾವ ಕ್ರಮದಲ್ಲಿ ಆಲೋಚಿಸುತ್ತಾನೆ, ಅವನ ಲೆಕ್ಕಗಳು ಯಾವುವು, ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ನಿದರ್ಶನದ ಮೂಲಕ ಇಲ್ಲಿ ವಿವರಿಸಲು ಯತ್ನಿಸಲಾಗಿದೆ. ನಿದರ್ಶನಕ್ಕಾಗಿ ಗಂಧಕಾಮ್ಲದ ಸ್ಥಾವರವನ್ನು ಆರಿಸಿಕೊಂಡಿದೆ. ಸೂಪರ್ ಫಾಸ್ಫೇಟ್ ಗೊಬ್ಬರದಿಂದ ಹಿಡಿದು ಮೋಟಾರಿನ ಬ್ಯಾಟರಿಯವರೆಗೆ ಈ ಆಮ್ಲ ಬೇಕಾಗುವುದಲ್ಲದೆ, ಅದರ ತಯಾರಿಕೆಯ ಹಂತಗಳು ಕೆಲವೇ ಆಗಿರುವುದರಿಂದ ತತ್ತ್ವಗಳು ಸುಲಭವಾಗಿ ಗೋಚರಿಸುತ್ತವೆ.

೨. ಶಾಸ್ತ್ರದ ಉಗಮ

ರಸಾಯನಶಾಸ್ತ್ರಜ್ಞನು ಗಾಜಿನ ಪಾತ್ರೆಯಲ್ಲಿ ಸಾಧಿಸಿದ್ದನ್ನು ಯಂತ್ರಶಿಲ್ಪಿಯು ಉಕ್ಕಿನ ಪಾತ್ರೆಯಲ್ಲಿ ದೊಡ್ಡದಾಗಿ ಮಾಡಿಕೊಟ್ಟರೆ ಸಾಕೆಂಬ ಭಾವನೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ಪ್ರಚಲಿತವಾಗಿತ್ತು. ಇವೆರಡರ ನಡುವೆ ಸ್ವತಂತ್ರವಾದ ಶಾಸ್ತ್ರವೊಂದಕ್ಕೆ ಎಡೆಯಿದೆಯೆಂಬುದನ್ನು ಇಂಗ್ಲೆಂಡಿನ ಜಾರ್ಜ್ ಡೇವಿಸ್ ೧೮೮೭ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ತೋರಿಸಿಕೊಟ್ಟನು. ೧೯೧೫ರಲ್ಲಿ ಅಮೆರಿಕದ ಆರ್ಥರ್ ಲಿಟ್ಲ್ ಆ ವಿಚಾರಕ್ಕೆ ಖಚಿತವಾದ ರೂಪವನ್ನಿತ್ತನು. ಕೈಗಾರಿಕೆಗಳು ನೂರಾರು ಇದ್ದರೂ ಅವುಗಳಲ್ಲಿ ನಡೆಯುವ ಭೌತಿಕ ಕ್ರಿಯೆಗಳು ಕೆಲವೇ. ಕಾಯಿಸುವುದು, ತಣಿಸುವುದು, ಆವಿಯಾಗಿಸುವುದು, ಬಟ್ಟಿಯಿಳಿಸುವುದು, ಸೋಸುವುದು, ಹೀರಿಸುವುದು, ಒಣಗಿಸುವುದು ಇತ್ಯಾದಿ. ಇವನ್ನು ಮೂಲಕ್ರಿಯೆಗಳೆನ್ನಬಹುದು. ಸಕ್ಕರೆಯ ರಸವನ್ನು ಗಟ್ಟಿಗೊಳಿಸುವ ನಿಯಮವೂ ಉಪ್ಪುನೀರನ್ನು ಗಟ್ಟಿಗೊಳಿಸುವ ನಿಯಮವೂ ಒಂದೇ ಆದುದರಿಂದ, ಒಂದನ್ನು ಕಲಿತವನು ಇನ್ನೊಂದನ್ನು ವಿನ್ಯಾಸಮಾಡಬಲ್ಲನು. ಅಕ್ಷರಮಾಲೆಯಿಂದ ಸಹಸ್ರಾರು ಪದಗಳಾಗುವಂತೆ ಈ ಮೂಲಕ್ರಿಯೆಗಳ ಜೋಡಣೆಯಿಂದ ಎಲ್ಲ ಸ್ಥಾವರಗಳೂ ಆಗುತ್ತವೆ. ನಮ್ಮ ದೇಶದಲ್ಲಿ ಈ ವಿದ್ಯೆಯ ಬೆಳವಣಿಗೆಗೆ ನೆರವಾದ ಸಂಸ್ಥೆಗಳಲ್ಲಿ, ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ತೆರೆದ ರಾಸಾಯನಿಕ ತಂತ್ರವಿದ್ಯೆಯ ವಿಭಾಗ ಪ್ರಮುಖವಾದುದು. ಅದೇ ಇಂದು ಸ್ವತಂತ್ರವಾದ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯಾಗಿದೆ.

೩. ದ್ರವ್ಯದ ಜಮಾಖರ್ಚು

ವಿನ್ಯಾಸಕಾರನ ಮೊದಲ ಕೆಲಸ ಯಂತ್ರದ ಚಿತ್ರ ಬರೆಯುವುದಲ್ಲ. ಅಂಗಡಿಯವನಂತೆ ಕೀರ್ದಿ ಬರೆಯುವುದು. ದ್ರವ್ಯವು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ಆದುದರಿಂದ ಸ್ಥಾವರದ ಸುತ್ತ ಕಾಲ್ಪನಿಕವಾದ ಒಂದು ಗೆರೆ ಎಳೆದರೆ, ಆ ಗೆರೆಯನ್ನು ದಾಟಿ ಒಳಗೆ ಬಂದುದೆಲ್ಲವೂ ಹೊರಗೆ ಹೋಗಿರಬೇಕು, ಇಲ್ಲವೆ ಒಳಗೇ ಶಿಲ್ಕಾಗಿ ಉಳಿದಿರಬೇಕು. ಮೂರನೆಯ ದಾರಿಯಿಲ್ಲ.

ದಿನಕ್ಕೆ ೧೦೦ ಟನ್ ಗಂಧಕಾಮ್ಲ ತಯಾರಿಸುವ ಸ್ಥಾವರವನ್ನು ಕಲ್ಪಿಸಿಕೊಳ್ಳೋಣ. ಇಲ್ಲಿ ರಾಸಾಯನಿಕ ಕ್ರಿಯೆಗಳು ಮೂರು. ಗಂಧಕವು ಗಾಳಿಯಲ್ಲಿ ಉರಿದು ಗಂಧಕದ ಡೈಆಕ್ಸೈಡ್ ಆಗುತ್ತದೆ. ಅದು ಇನ್ನಷ್ಟು ಆಮ್ಲಜನಕದೊಡನೆ ಕೂಡಿ ಟ್ರೈಆಕ್ಸೈಡ್ ಆಗುತ್ತದೆ. ಟ್ರೈಆಕ್ಸೈಡ್ ನೀರಿನೊಡನೆ ಕೂಡಿ ಆಮ್ಲವಾಗುತ್ತದೆ. ತೂಕದಲ್ಲಿ ಹೇಳುವುದಾದರೆ ೩೨ ಪಾಲು ಗಂಧಕ, ೪೮ ಪಾಲು ಆಮ್ಲಜನಕ, ೧೮ ಪಾಲು ನೀರು ಸೇರಿ ೯೮ ಪಾಲು ಆಮ್ಲ. ಇದರಂತೆ ೧೦೦ ಟನ್ ಆಮ್ಲಕ್ಕೆ ಸುಮಾರು ೩೨.೭ ಟನ್ ಗಂಧಕ ಸಾಕು. ಆದರೆ ಡೈಆಕ್ಸೈಡಿನಲ್ಲಿ ಶೇಕಡ ೯೮ ಪಾಲು ಮಾತ್ರ ಟ್ರೈಆಕ್ಸೈಡ್ ಆಗುವುದೆಂದಿಟ್ಟುಕೊಂಡರೆ ೩೩.೩ ಟನ್ ಗಂಧಕವನ್ನು ಉರಿಸಬೇಕಾಗುತ್ತದೆ. ಉಳಿದ ಶೇಕಡ ೨ ಎಲ್ಲಿ ಹೋಯಿತು? ಕೀರ್ದಿ ತಾಳೆಯಾಗಬೇಕಾದರೆ ಅದನ್ನೂ ಬರೆಯಲೇಬೇಕು. ಅದು ದಿನಕ್ಕೆ ಸುಮಾರು ೧.೩ ಟನ್ ಡೈಆಕ್ಸೈಡ್ ಅನಿಲವಾಗಿ ಹೊಗೆಕೊಳವೆಯಿಂದ ನೆರೆಹೊರೆಯವರ ಗಾಳಿಗೆ ಸೇರಿತು. ಕಾರಖಾನೆಯ ಮಾಲೀಕನಿಗೆ ಇದು ಚಿಲ್ಲರೆ ನಷ್ಟ. ಹತ್ತಿರದ ಮನೆಯ ಉಬ್ಬಸದ ರೋಗಿಗೆ ಇದು ಉಸಿರಿನ ಪ್ರಶ್ನೆ. ಎರಡನ್ನೂ ಒಂದೇ ಸಾಲಿನಲ್ಲಿ ತೋರಿಸುವುದು ಈ ಲೆಕ್ಕದ ಹಿರಿಮೆ.

ಕೀರ್ದಿಯು ಇನ್ನೂ ಕೆಲವು ಸಂಗತಿಗಳನ್ನು ಹೊರಗೆಡಹುತ್ತದೆ. ಉರಿದು ಬಂದ ಅನಿಲದಲ್ಲಿ ಡೈಆಕ್ಸೈಡಿನ ಪ್ರಮಾಣ ಘನಗಾತ್ರದಲ್ಲಿ ಶೇಕಡ ೧೦ ಇರಬೇಕೆಂದು ನಿಶ್ಚಯಿಸಿದರೆ ದಿನಕ್ಕೆ ಸುಮಾರು ೩೦೦ ಟನ್ ಗಾಳಿ ಬೇಕು. ಅಂದರೆ ಗಂಟೆಗೆ ಹತ್ತು ಸಾವಿರ ಘನಮೀಟರಿಗೂ ಮಿಗಿಲು. ಇದರಲ್ಲಿ ಸುಮಾರು ೨೩೦ ಟನ್ ಸಾರಜನಕ. ಅದು ಯಾವ ಕ್ರಿಯೆಯಲ್ಲಿಯೂ ಭಾಗವಹಿಸುವುದಿಲ್ಲ. ಆದರೂ ಅದನ್ನು ಊದಬೇಕು, ಕಾಯಿಸಬೇಕು, ತಣಿಸಬೇಕು, ಎಲ್ಲ ಕೊಳವೆಗಳಲ್ಲಿಯೂ ಅದಕ್ಕೆ ಸ್ಥಳ ಕೊಡಬೇಕು. ದುಡಿಯದ ಅತಿಥಿಗಾಗಿ ಮನೆಯನ್ನು ದೊಡ್ಡದಾಗಿ ಕಟ್ಟಿಸಿದಂತಾಯಿತು. ಸ್ಥಾವರದ ಗಾತ್ರವನ್ನು ನಿರ್ಧರಿಸುವುದು ಗಂಧಕಕ್ಕಿಂತ ಹೆಚ್ಚಾಗಿ ಈ ಸಾರಜನಕವೇ.

ಊರಿನ ಹವೆಯೂ ಕೀರ್ದಿಯಲ್ಲಿ ಸೇರುತ್ತದೆ. ಮಳೆಗಾಲದ ಮುಂಬಯಿಯಲ್ಲಿ ಉಷ್ಣತೆ ೩೦ ಡಿಗ್ರಿ ಸೆಂಟಿಗ್ರೇಡ್, ಸಾಪೇಕ್ಷ ಆರ್ದ್ರತೆ ಶೇಕಡ ೭೫ ಇರುವ ದಿನ ಒಂದು ಕಿಲೊಗ್ರಾಂ ಒಣಗಾಳಿಯೊಂದಿಗೆ ಸುಮಾರು ೨೦ ಗ್ರಾಂ ನೀರಾವಿ ಇರುತ್ತದೆ. ಹಾಗಾದರೆ ೩೦೦ ಟನ್ ಗಾಳಿಯೊಂದಿಗೆ ೬ ಟನ್ ನೀರು ಕರೆಯದೆಯೇ ಒಳಗೆ ಬರುತ್ತದೆ. ಆಮ್ಲಕ್ಕೆ ಬೇಕಾದ ಒಟ್ಟು ನೀರೇ ೧೮ ಟನ್ನಿನಷ್ಟಿರುವಾಗ ಇದು ಅಲ್ಪವಲ್ಲ. ಒಣಹವೆಯ ನಾಡಿಗಾಗಿ ಬರೆದ ನಕ್ಷೆಯನ್ನು ಕಡಲತೀರದ ಊರಿನಲ್ಲಿ ಹಾಗೆಯೇ ಕಟ್ಟಿಸಲಾಗದು ಎಂಬುದಕ್ಕೆ ಈ ಒಂದು ಅಂಕಿಯೇ ಸಾಕ್ಷಿ.

ಉಪಪದಾರ್ಥಗಳ ವಿಚಾರವೂ ಇಲ್ಲಿಯೇ ಹುಟ್ಟುತ್ತದೆ. ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಯ ಮೊದಲ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂದಿತ್ತು. ಕಬ್ಬಿಣದ ಕುಲುಮೆಗೆ ಬೇಕಾದ ಇದ್ದಿಲನ್ನು ಕಾಡಿನ ಸೌದೆಯಿಂದ ಮಾಡುವಾಗ ಹೊರಡುವ ಆವಿಯನ್ನು ಹೊಗೆಯೆಂದು ಬಿಟ್ಟುಕೊಡದೆ, ತಣಿಸಿ ಬಟ್ಟಿಯಿಳಿಸಿ ಮರದ ಮದ್ಯಸಾರ, ಡಾಮರು ಮೊದಲಾದುವನ್ನು ಪಡೆಯುವ ಯೋಜನೆ ಆ ಹೆಸರಿನಲ್ಲಿಯೇ ಅಡಗಿದೆ. ಹೊರಗೆ ಹೋಗುವುದನ್ನು ಲೆಕ್ಕಕ್ಕೆ ತಂದವನಿಗೆ ಅದರ ಬೆಲೆಯೂ ತಿಳಿಯುತ್ತದೆ.

೪. ಶಾಖದ ಜಮಾಖರ್ಚು

ದ್ರವ್ಯದಂತೆಯೇ ಶಕ್ತಿಗೂ ಕೀರ್ದಿಯುಂಟು. ಒಂದು ಕಿಲೊಗ್ರಾಂ ಗಂಧಕ ಉರಿದರೆ ಸುಮಾರು ೨,೨೦೦ ಕಿಲೊಕ್ಯಾಲೊರಿ ಶಾಖ ಹೊರಡುತ್ತದೆ. ಮುಂದಿನ ಎರಡು ಕ್ರಿಯೆಗಳಲ್ಲಿಯೂ ಶಾಖ ಹೊರಡುವುದೇ ಹೊರತು ಬೇಡಿಕೆಯಿಲ್ಲ. ಕುಲುಮೆಯಿಂದ ಹೊರಬೀಳುವ ಅನಿಲದ ಉಷ್ಣತೆ ೧,೦೦೦ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮುಂದಿನ ಪಾತ್ರೆಗೆ ಬೇಕಾದುದು ೪೨೦ ಡಿಗ್ರಿಯಷ್ಟು. ನಡುವಿನ ಶಾಖವನ್ನು ಗಾಳಿಗೆ ಚೆಲ್ಲಬಹುದು, ಅಥವಾ ಬಾಯ್ಲರಿನಲ್ಲಿ ನೀರನ್ನು ಕಾಯಿಸಿ ಹಬೆ ಮಾಡಬಹುದು. ಎರಡನೆಯ ದಾರಿ ಹಿಡಿದರೆ ಒಂದು ಟನ್ ಆಮ್ಲಕ್ಕೆ ಒಂದು ಟನ್ನಿಗೂ ಮಿಕ್ಕ ಹಬೆ ದೊರೆಯುತ್ತದೆ. ಆ ಹಬೆಯಿಂದ ಗಾಳಿಯೂದುವ ಯಂತ್ರವನ್ನು ತಿರುಗಿಸಬಹುದು, ಗಂಧಕವನ್ನು ಕರಗಿಸಬಹುದು, ಮಿಕ್ಕುದನ್ನು ನೆರೆಯ ಕಾರ್ಖಾನೆಗೆ ಕೊಡಬಹುದು. ಕಬ್ಬಿನ ಸಿಪ್ಪೆಯಿಂದಲೇ ಒಲೆ ಉರಿಸುವ ಆಲೆಮನೆಯವನ ವಿವೇಕವೇ ಇಲ್ಲಿಯೂ ಕಾಣುತ್ತದೆ.

ಶಾಖದ ಲೆಕ್ಕದಲ್ಲಿ ಸೂಕ್ಷ್ಮಗಳೂ ಉಂಟು. ಗಂಧಕವನ್ನು ಕರಗಿಸಿ ಪಂಪಿನಿಂದ ಕುಲುಮೆಗೆ ಸಿಂಪಡಿಸುತ್ತಾರೆ. ಅದು ೧೨೦ ಡಿಗ್ರಿಯ ಹೊತ್ತಿಗೆ ಕರಗಿ ನೀರಾಗುತ್ತದೆ. ಇನ್ನಷ್ಟು ಕಾಯಿಸಿದರೆ ಇನ್ನಷ್ಟು ತೆಳುವಾದೀತೆಂದು ಯಾರಾದರೂ ಊಹಿಸಬಹುದು. ಆದರೆ ೧೬೦ ಡಿಗ್ರಿಯನ್ನು ಸಮೀಪಿಸಿದೊಡನೆ ಅದರ ಅಣುಗಳು ಉದ್ದನೆಯ ಸರಪಣಿಗಳಾಗಿ ಹೆಣೆದುಕೊಂಡು ಗಂಧಕವು ಅಂಟುಪಾಕದಂತೆ ಗಟ್ಟಿಯಾಗುತ್ತದೆ; ಪಂಪು ನಿಲ್ಲುತ್ತದೆ. ಆದುದರಿಂದ ಗಂಧಕದ ಕೊಳವೆಗೆ ತೊಡಿಸುವ ಹಬೆಯ ಕವಚದಲ್ಲಿ ಒತ್ತಡ ಇಷ್ಟಕ್ಕಿಂತ ಹೆಚ್ಚಾಗಬಾರದೆಂದು ಮೊದಲೇ ಗೊತ್ತುಪಡಿಸಬೇಕು. ವಸ್ತುವಿನ ಸ್ವಭಾವವನ್ನು ಅರಿಯದೆ ಹಾಕಿದ ಲೆಕ್ಕ, ಅಂಕಗಣಿತದಲ್ಲಿ ಸರಿಯಾಗಿದ್ದರೂ, ಕಾರ್ಖಾನೆಯಲ್ಲಿ ಸುಳ್ಳಾಗುತ್ತದೆ.

೫. ವೇಗಕ್ಕೂ ಪೂರ್ಣತೆಗೂ ಇರುವ ವಿರೋಧ

ಡೈಆಕ್ಸೈಡನ್ನು ಟ್ರೈಆಕ್ಸೈಡ್ ಮಾಡುವ ಹಂತವೇ ಈ ಸ್ಥಾವರದ ಹೃದಯ. ಬರಿಯ ಶಾಖದಿಂದ ಈ ಕ್ರಿಯೆ ಸಾಗುವುದು ಬಲು ನಿಧಾನ. ಪ್ಲಾಟಿನಮ್ ಲೋಹದ ಸಾನ್ನಿಧ್ಯದಲ್ಲಿ ಅದು ಬೇಗ ನಡೆಯುವುದೆಂದು ೧೮೩೧ರಲ್ಲಿ ಬ್ರಿಸ್ಟಲ್ ನಗರದ ವಿನಿಗರ್ ವ್ಯಾಪಾರಿ ಪೆರಿಗ್ರಿನ್ ಫಿಲಿಪ್ಸ್ ಪೇಟೆಂಟ್ ಪಡೆದನು. ಇಂದು ಬಳಕೆಯಲ್ಲಿರುವ ವೇಗವರ್ಧಕ ವೆನೇಡಿಯಮ್ ಪೆಂಟಾಕ್ಸೈಡ್. ಅದು ೪೦೦ ಡಿಗ್ರಿಗಿಂತ ಕೆಳಗೆ ಹೆಚ್ಚುಕಡಿಮೆ ನಿದ್ರಿಸುತ್ತದೆ. ೬೦೦ ಡಿಗ್ರಿಯನ್ನು ಬಹಳ ಮೀರಿದರೆ ಕೆಡುತ್ತದೆ.

ಇಲ್ಲಿ ಪ್ರಕೃತಿ ಒಂದು ಇಕ್ಕಟ್ಟನ್ನು ಒಡ್ಡುತ್ತದೆ. ಉಷ್ಣತೆ ಏರಿದಷ್ಟೂ ಕ್ರಿಯೆಯ ವೇಗ ಹೆಚ್ಚುತ್ತದೆ. ಆದರೆ ಇದು ಶಾಖ ಕೊಡುವ ಕ್ರಿಯೆಯಾದುದರಿಂದ, ಉಷ್ಣತೆ ಏರಿದಷ್ಟೂ ಟ್ರೈಆಕ್ಸೈಡ್ ಮರಳಿ ಒಡೆಯುವ ಪ್ರವೃತ್ತಿಯೂ ಹೆಚ್ಚಿ, ಸಮತೋಲವು ಹಿಂದಕ್ಕೆ ಸರಿಯುತ್ತದೆ. ಬೇಗ ಮಾಡಹೊರಟರೆ ಪೂರ್ತಿಯಾಗದು. ಪೂರ್ತಿ ಮಾಡಹೊರಟರೆ ಬೇಗ ಆಗದು. ವಿನ್ಯಾಸಕಾರನು ಈ ವಿರೋಧವನ್ನು ಹಂತಹಂತವಾಗಿ ಪರಿಹರಿಸುತ್ತಾನೆ. ವೇಗವರ್ಧಕವನ್ನು ಒಂದೇ ಪಾತ್ರೆಯಲ್ಲಿ ನಾಲ್ಕು ಹಾಸುಗಳಾಗಿ ಹರಡುತ್ತಾನೆ. ೪೨೦ ಡಿಗ್ರಿಯಲ್ಲಿ ಮೊದಲ ಹಾಸನ್ನು ಹೊಕ್ಕ ಅನಿಲ ತನ್ನದೇ ಶಾಖದಿಂದ ೬೦೦ ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಅಷ್ಟರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾರ್ಪಾಟು ಮುಗಿದು ಸಮತೋಲ ಅಡ್ಡ ಬರುತ್ತದೆ. ಆಗ ಅನಿಲವನ್ನು ಹೊರಗೆ ತಂದು, ತಣಿಸಿ, ಎರಡನೆಯ ಹಾಸಿಗೆ ಕಳುಹಿಸಬೇಕು. ಹೀಗೆ ಪ್ರತಿಯೊಂದು ಹಾಸಿನ ನಡುವೆಯೂ ತಣಿಸುತ್ತ ಹೋದರೆ ಶೇಕಡ ೯೮ರವರೆಗೆ ತಲುಪಬಹುದು.

ಅದಕ್ಕೂ ಮುಂದೆ ಹೋಗಲು ಜರ್ಮನಿಯ ಬಾಯರ್ ಸಂಸ್ಥೆಯವರು ೧೯೬೦ರ ದಶಕದಲ್ಲಿ ಆಚರಣೆಗೆ ತಂದ ಉಪಾಯ ಸರಳವಾದುದು. ಮೂರು ಹಾಸುಗಳಾದ ಮೇಲೆ, ಅದುವರೆಗೆ ಆದ ಟ್ರೈಆಕ್ಸೈಡನ್ನು ಆಮ್ಲದಲ್ಲಿ ಹೀರಿಸಿ ತೆಗೆದುಬಿಡುವುದು. ಫಲವನ್ನು ಕಣದಿಂದ ತೆಗೆದ ಮೇಲೆ ಹಿಮ್ಮೊಗ ಕ್ರಿಯೆಗೆ ವಸ್ತುವೇ ಇಲ್ಲ. ಸಮತೋಲ ಮತ್ತೆ ಮುಂದಕ್ಕೆ ಸರಿಯುತ್ತದೆ. ಉಳಿದ ಅನಿಲ ನಾಲ್ಕನೆಯ ಹಾಸಿನಲ್ಲಿ ಹಾದು ಎರಡನೆಯ ಬಾರಿ ಹೀರಲ್ಪಟ್ಟಾಗ ಒಟ್ಟು ಮಾರ್ಪಾಟು ಶೇಕಡ ೯೯.೭ಕ್ಕೆ ಏರುತ್ತದೆ. ನಮ್ಮ ೧೦೦ ಟನ್ನಿನ ಸ್ಥಾವರದಲ್ಲಿ ದಿನಕ್ಕೆ ೧.೩ ಟನ್ನಾಗಿದ್ದ ಡೈಆಕ್ಸೈಡಿನ ವಿಸರ್ಜನೆ ಇದರಿಂದ ೨೦೦ ಕಿಲೊಗ್ರಾಮಿಗೆ ಇಳಿಯುತ್ತದೆ. ಶೇಕಡ ೯೮ ಮತ್ತು ೯೯.೭ ಎಂಬ ಅಂಕಿಗಳು ಮಾರಾಟದ ಪುಸ್ತಕದಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಹೊಗೆಕೊಳವೆಯ ಕೆಳಗೆ ಬಾಳುವವನಿಗೆ ಅವುಗಳ ಅಂತರ ಆರು ಪಟ್ಟಿಗೂ ಮಿಗಿಲು. ಅಂಕಿಯನ್ನು ಯಾವ ಕಡೆಯಿಂದ ನೋಡಬೇಕೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

೬. ಪಾತ್ರೆ, ಲೋಹ ಮತ್ತು ದ್ರವ

ಟ್ರೈಆಕ್ಸೈಡನ್ನು ನೀರಿಗೆ ಹಾಯಿಸಿದರೆ ಆಮ್ಲವಾಗಬೇಕಷ್ಟೆ. ಆದರೆ ಹಾಗೆ ಮಾಡಿದರೆ ನೀರಾವಿಯೂ ಟ್ರೈಆಕ್ಸೈಡೂ ಗಾಳಿಯಲ್ಲೇ ಕೂಡಿ, ಆಮ್ಲದ ಅತಿಸೂಕ್ಷ್ಮ ಹನಿಗಳ ಮಂಜು ಉಂಟಾಗುತ್ತದೆ. ಆ ಮಂಜು ದ್ರವದಲ್ಲಿ ಬೆರೆಯದೆ ಹೊಗೆಕೊಳವೆಯ ದಾರಿ ಹಿಡಿಯುತ್ತದೆ. ಆದಕಾರಣ ಶೇಕಡ ೯೮ರ ಆಮ್ಲದಲ್ಲಿಯೇ ಅದನ್ನು ಹೀರಿಸಿ, ನೀರನ್ನು ಬೇರೆಯಾಗಿ ಆಮ್ಲಕ್ಕೆ ಸೇರಿಸುತ್ತಾರೆ. ಒಳಬರುವ ಗಾಳಿಯ ತೇವವನ್ನು ತೆಗೆಯಲು ಮೊದಲೇ ಇನ್ನೊಂದು ಗೋಪುರದಲ್ಲಿ ಗಾಳಿಯನ್ನು ಆಮ್ಲದಿಂದ ತೊಳೆಯುತ್ತಾರೆ. ಒಣಗಿಸುವ ಗೋಪುರದಲ್ಲಿ ಆಮ್ಲವು ನೀರನ್ನು ಹೀರಿ ತೆಳುವಾಗುತ್ತದೆ; ಹೀರಿಸುವ ಗೋಪುರದಲ್ಲಿ ಟ್ರೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ. ಎರಡರ ಆಮ್ಲವನ್ನೂ ಪರಸ್ಪರ ವಿನಿಮಯ ಮಾಡಿದರೆ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬುತ್ತದೆ. ಬಿಡಿಬಿಡಿಯಾಗಿ ಎರಡು ಗೋಪುರಗಳನ್ನು ಚೆನ್ನಾಗಿ ಕಟ್ಟಿದರೆ ಸಾಲದು, ಅವುಗಳ ಸಂಬಂಧವನ್ನೂ ಕಟ್ಟಬೇಕೆಂಬ ಪಾಠ ಇದರಲ್ಲಿದೆ.

ಲೋಹದ ಆಯ್ಕೆಯೂ ಸಾಮಾನ್ಯ ಬುದ್ಧಿಯ ನಿರೀಕ್ಷೆಗೆ ವಿರುದ್ಧವಾಗಿದೆ. ಗಟ್ಟಿ ಆಮ್ಲವು ತೆಳು ಆಮ್ಲಕ್ಕಿಂತ ಉಗ್ರವೆಂದು ತೋರುವುದು ಸಹಜ. ಆದರೆ ಸಾಮಾನ್ಯ ಉಷ್ಣತೆಯಲ್ಲಿ ಶೇಕಡ ೯೮ರ ಆಮ್ಲವನ್ನು ಸಾಧಾರಣ ಉಕ್ಕಿನ ತೊಟ್ಟಿಯಲ್ಲಿ ಸಂಗ್ರಹಿಸಬಹುದು. ಉಕ್ಕಿನ ಮೈಮೇಲೆ ಕಬ್ಬಿಣದ ಸಲ್ಫೇಟಿನ ತೆಳುಪೊರೆ ಮೂಡಿ ಕವಚದಂತೆ ಕಾಯುತ್ತದೆ. ಅದೇ ಆಮ್ಲಕ್ಕೆ ನೀರು ಬೆರೆತು ತೆಳುವಾದರೆ ಉಕ್ಕನ್ನು ಬೇಗನೆ ತಿಂದು ಹಾಕುತ್ತದೆ. ತೆಳು ಆಮ್ಲಕ್ಕೆ ಹಿಂದಿನವರು ಸೀಸವನ್ನು ಬಳಸುತ್ತಿದ್ದರು. ೧೭೪೬ರಲ್ಲಿ ಜಾನ್ ರೋಬಕ್ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭಿಸಿದ ಸೀಸದ ಕೋಣೆಗಳ ವಿಧಾನಕ್ಕೆ ಇದೇ ಆಧಾರ. ಬಿಸಿ ಆಮ್ಲ ಹರಿಯುವ ಗೋಪುರಗಳಿಗಾದರೆ ಒಳಗಡೆ ಆಮ್ಲನಿರೋಧಕ ಇಟ್ಟಿಗೆಯ ಹೊದಿಕೆ ಬೇಕು. ಸ್ಥಾವರ ನಡೆಯುತ್ತಿರುವಾಗ ಸುರಕ್ಷಿತವಾಗಿರುವ ತೊಟ್ಟಿಯೇ ಬರಿದಾಗಿ ಬಿದ್ದಿರುವಾಗ ಅಪಾಯಕ್ಕೆ ಗುರಿಯಾಗುತ್ತದೆ. ತಳದಲ್ಲಿ ಉಳಿದ ಆಮ್ಲ ಮಳೆಗಾಲದ ತೇವವನ್ನು ಹೀರಿ ತೆಳುವಾಗಿ ಉಕ್ಕನ್ನು ಕೊರೆಯುವುದೇ ಇದಕ್ಕೆ ಕಾರಣ. ಆದುದರಿಂದ ಉತ್ತಮ ವಿನ್ಯಾಸವು ನಡೆಯುವ ಸ್ಥಾವರವನ್ನು ಮಾತ್ರವಲ್ಲದೆ, ಹೊರಡುವ, ನಿಲ್ಲುವ, ದುರಸ್ತಿಗಾಗಿ ತೆರೆದಿಟ್ಟ ಸ್ಥಾವರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೭. ನಕ್ಷೆಗಳ ಕ್ರಮ

ಮೇಲ್ಕಂಡ ಲೆಕ್ಕಗಳೆಲ್ಲ ಮೂರು ಬಗೆಯ ನಕ್ಷೆಗಳಲ್ಲಿ ರೂಪುಗೊಳ್ಳುತ್ತವೆ. ಮೊದಲನೆಯದರಲ್ಲಿ ಬರಿಯ ಚೌಕಗಳೂ ಬಾಣಗಳೂ ಇರುತ್ತವೆ. ಯಾವ ಹಂತದ ಮೇಲೆ ಯಾವ ಹಂತ ಎಂಬುದಷ್ಟೆ ತಿಳಿಯುತ್ತದೆ. ಎರಡನೆಯದು ಪ್ರವಾಹನಕ್ಷೆ, ಇದರಲ್ಲಿ ಪ್ರತಿಯೊಂದು ಕೊಳವೆಯಲ್ಲಿ ಹರಿಯುವ ವಸ್ತು, ಅದರ ಪರಿಮಾಣ, ಉಷ್ಣತೆ, ಒತ್ತಡಗಳು ಬರೆದಿರುತ್ತವೆ. ದ್ರವ್ಯ ಮತ್ತು ಶಾಖದ ಕೀರ್ದಿಗಳು ಚಿತ್ರವಾದಂತೆ ಇದನ್ನು ತಿಳಿಯಬಹುದು. ಮೂರನೆಯದು ಕೊಳವೆ ಮತ್ತು ಉಪಕರಣಗಳ ನಕ್ಷೆ. ಪ್ರತಿಯೊಂದು ಕವಾಟ, ಪಂಪು, ಮಾಪಕ, ಸುರಕ್ಷಾದ್ವಾರಗಳು ಇದರಲ್ಲಿ ತಮ್ಮ ತಮ್ಮ ಸಂಖ್ಯೆಗಳೊಡನೆ ಕಾಣಿಸಿಕೊಳ್ಳುತ್ತವೆ. ಕಟ್ಟುವವನೂ, ನಡೆಸುವವನೂ, ದುರಸ್ತಿ ಮಾಡುವವನೂ ಈ ಒಂದೇ ಕಾಗದವನ್ನು ನೆಚ್ಚಬೇಕಾಗುವುದರಿಂದ, ಸ್ಥಾವರದಲ್ಲಿ ಒಂದು ಕವಾಟ ಬದಲಾದರೂ ನಕ್ಷೆಯಲ್ಲಿ ಬದಲಾಗಬೇಕು.

ಗಾತ್ರದ ನಿರ್ಧಾರದಲ್ಲಿ ಹಣದ ಲೆಕ್ಕವೂ ಸೇರುತ್ತದೆ. ಸ್ಥಾವರದ ಸಾಮರ್ಥ್ಯವನ್ನು ಇಮ್ಮಡಿ ಮಾಡಿದರೆ ವೆಚ್ಚ ಇಮ್ಮಡಿಯಾಗುವುದಿಲ್ಲ. ಅನುಭವದ ಸೂತ್ರದಂತೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಪಾತ್ರೆ ಹಿಡಿಯುವ ವಸ್ತು ಅದರ ಘನಗಾತ್ರವನ್ನೂ, ಪಾತ್ರೆಗೆ ಬೇಕಾಗುವ ಉಕ್ಕು ಬಹುಮಟ್ಟಿಗೆ ಅದರ ಮೈಯ ವಿಸ್ತಾರವನ್ನೂ ಅವಲಂಬಿಸಿರುವುದು ಇದಕ್ಕೆ ಒಂದು ಕಾರಣ. ದೊಡ್ಡ ಸ್ಥಾವರದತ್ತ ಉದ್ಯಮಿಗಳ ಒಲವು ಇದರಿಂದಲೇ. ಆದರೆ ಇದೇ ರೇಖಾಗಣಿತ ಇನ್ನೊಂದು ಕಡೆ ವೈರಿಯಾಗುತ್ತದೆ. ಶಾಖ ಹುಟ್ಟುವುದು ಘನಗಾತ್ರದಲ್ಲಿ, ಹೊರಗೆ ಹೋಗುವುದು ಮೈಯ ಮೂಲಕ. ಪ್ರಯೋಗಶಾಲೆಯ ಬುದ್ದಲಿಯಲ್ಲಿ ತಾನಾಗಿಯೇ ತಣಿಯುವ ದ್ರವ, ದೊಡ್ಡ ಪಾತ್ರೆಯಲ್ಲಿ ತಣಿಯಲು ಎಡೆಯಿಲ್ಲದೆ ಕಾಯುತ್ತ ಹೋಗಬಹುದು. ಆದುದರಿಂದಲೇ ಪ್ರಯೋಗಶಾಲೆಗೂ ಕಾರ್ಖಾನೆಗೂ ನಡುವೆ ಸಣ್ಣ ಪ್ರಮಾಣದ ಮಾದರಿ ಸ್ಥಾವರವೊಂದನ್ನು ಕಟ್ಟಿ ಪರೀಕ್ಷಿಸುವ ಪದ್ಧತಿ ಬಂದಿತು.

೮. ಅಪಾಯದ ಲೆಕ್ಕ

ದ್ರವ್ಯ, ಶಾಖ, ವೇಗ, ಲೋಹ, ಹಣ ಇವುಗಳ ಲೆಕ್ಕಗಳಾದ ಮೇಲೆ ಅಪಾಯದ ಲೆಕ್ಕ ಉಳಿಯುತ್ತದೆ. ಕೊನೆಯಲ್ಲಿ ಹೇಳಿದ ಮಾತ್ರಕ್ಕೆ ಅದು ಕೊನೆಯ ಸ್ಥಾನಕ್ಕೆ ಸೇರಿದುದೆಂದು ತಿಳಿಯಬಾರದು. ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯಲ್ಲಿ ಬೆಳೆದುಬಂದ ಪರಿಶೀಲನಾಕ್ರಮವೊಂದು ಈಗ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಕೆಲವರು ತಜ್ಞರು ಕೂಡಿ ಕುಳಿತು, ನಕ್ಷೆಯ ಒಂದೊಂದು ಕೊಳವೆಯನ್ನೂ ತೆಗೆದುಕೊಂಡು ಕೆಲವೇ ಪದಗಳಿಂದ ಪ್ರಶ್ನಿಸುತ್ತಾರೆ: ಪ್ರವಾಹ ಇಲ್ಲವಾದರೆ? ಹೆಚ್ಚಾದರೆ? ಕಡಿಮೆಯಾದರೆ? ಹಿಮ್ಮುಖವಾದರೆ? ಬೇರೆ ವಸ್ತು ಬಂದರೆ? ನಮ್ಮ ಹೀರಿಸುವ ಗೋಪುರಕ್ಕೆ ಆಮ್ಲ ಪೂರೈಸುವ ಕೊಳವೆಯನ್ನೇ ತೆಗೆದುಕೊಳ್ಳೋಣ. ಪಂಪು ನಿಂತು ಆಮ್ಲ ಇಲ್ಲವಾದರೆ ಟ್ರೈಆಕ್ಸೈಡ್ ಹೀರಲ್ಪಡದೆ ನೇರವಾಗಿ ಹೊಗೆಕೊಳವೆಗೆ ಹೋಗುತ್ತದೆ. ಹೊರಗಿನ ತೇವದೊಡನೆ ಕೂಡಿ ಬಿಳಿಯ ಆಮ್ಲಮಂಜಾಗಿ ಊರಿನ ಮೇಲೆ ಇಳಿಯುತ್ತದೆ. ಇದನ್ನು ಮೊದಲೇ ಕಂಡವನು, ಆಮ್ಲದ ಪಂಪು ನಿಂತೊಡನೆ ಗಂಧಕದ ಪಂಪೂ ತಾನಾಗಿಯೇ ನಿಲ್ಲುವ ಏರ್ಪಾಟು ಮಾಡುತ್ತಾನೆ. ಕಾಣದವನು ಕಾವಲುಗಾರನ ಜಾಗರೂಕತೆಯನ್ನು ನಂಬುತ್ತಾನೆ.

ಈ ಪ್ರಶ್ನೆಗಳನ್ನು ಕೇಳದಿದ್ದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ನಿದರ್ಶನಗಳಿವೆ. ೧೯೭೪ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿ, ನೈಲಾನಿಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸಾಲಾಗಿ ನಿಂತಿದ್ದ ಆರು ಪಾತ್ರೆಗಳ ಪೈಕಿ ಐದನೆಯದು ಬಿರುಕುಬಿಟ್ಟಿತು. ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ ೨೦ ಅಂಗುಲದ ಕೊಳವೆಯೊಂದನ್ನು ಜೋಡಿಸಿ ಉತ್ಪಾದನೆಯನ್ನು ಮುಂದುವರಿಸಿದರು. ಪಾತ್ರೆ ಪಾತ್ರೆಗೂ ಎತ್ತರದಲ್ಲಿ ವ್ಯತ್ಯಾಸವಿದ್ದುದರಿಂದ ಕೊಳವೆಯನ್ನು ಮೆಟ್ಟಿಲಿನಂತೆ ತಿರುಚಬೇಕಾಯಿತು. ಆ ತಿರುವಿನಲ್ಲಿ ಒತ್ತಡವು ಕೊಳವೆಯನ್ನು ಬಾಗಿಸುವ ಬಲವನ್ನು ಯಾರೂ ಲೆಕ್ಕ ಹಾಕಲಿಲ್ಲ. ಅದಕ್ಕೆ ಬರೆದ ಏಕಮಾತ್ರ ನಕ್ಷೆಯೆಂದರೆ ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದ ಗೆರೆಗಳು. ಜೂನ್ ೧ರಂದು ಕೊಳವೆ ಕಿತ್ತುಬಂದಿತು. ಹೊರಬಿದ್ದ ಸೈಕ್ಲೊಹೆಕ್ಸೇನಿನ ಆವಿ ಸ್ಫೋಟಗೊಂಡು ೨೮ ಜನರು ಸತ್ತರು. ಅವರಲ್ಲಿ ೧೮ ಜನರು ನಿಯಂತ್ರಣಕೊಠಡಿಯಲ್ಲಿದ್ದವರು. ಅದು ಶನಿವಾರವಾಗಿದ್ದುದರಿಂದ ಕಚೇರಿಗಳು ಬಹುಮಟ್ಟಿಗೆ ಬರಿದಾಗಿದ್ದವು. ಇಲ್ಲದಿದ್ದರೆ ಸಾವಿನ ಸಂಖ್ಯೆ ಇನ್ನೂ ಹೆಚ್ಚುತ್ತಿತ್ತು.

೧೯೮೪ರ ಡಿಸೆಂಬರ್ ೨ರ ರಾತ್ರಿ ಭೋಪಾಲದಲ್ಲಿ ಸಂಭವಿಸಿದ ದುರಂತವನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ವಿನ್ಯಾಸದ ದೃಷ್ಟಿಯಿಂದ ಒಂದು ಅಂಶವನ್ನು ಮಾತ್ರ ಗಮನಿಸಬಹುದು. ಸುಮಾರು ೪೦ ಟನ್ನುಗಳಷ್ಟು ತೊಟ್ಟಿಯಲ್ಲಿ ತುಂಬಿದ್ದ ಮೀಥೈಲ್ ಐಸೊಸಯನೇಟ್ ಕಾರ್ಖಾನೆ ಮಾರುತ್ತಿದ್ದ ಸರಕಲ್ಲ, ಕೀಟನಾಶಕವನ್ನು ಮಾಡುವ ದಾರಿಯಲ್ಲಿ ಬರುವ ಮಧ್ಯಂತರ ವಸ್ತು. ತಯಾರಾದಂತೆಲ್ಲ ಅದನ್ನು ಮುಂದಿನ ಹಂತದಲ್ಲಿ ಬಳಸಿ ತೀರಿಸುವ ವಿನ್ಯಾಸ ಸಾಧ್ಯವಿತ್ತು. ಶೈತ್ಯಯಂತ್ರ, ಅನಿಲವನ್ನು ತೊಳೆಯುವ ಗೋಪುರ, ಸುಡುವ ಗೋಪುರ ಎಂಬ ರಕ್ಷಣೆಗಳು ನಕ್ಷೆಯಲ್ಲಿದ್ದವು. ಆ ರಾತ್ರಿ ಅವು ಯಾವುವೂ ಕೆಲಸಕ್ಕೆ ಬರಲಿಲ್ಲ. ಇಲ್ಲದ ವಸ್ತು ಸೋರಲಾರದೆಂಬ ಸರಳವಾದ ತತ್ತ್ವವನ್ನು ಇಂಗ್ಲೆಂಡಿನ ಟ್ರೆವರ್ ಕ್ಲೆಟ್ಸ್ ೧೯೭೦ರ ದಶಕದಲ್ಲಿಯೇ ಪ್ರತಿಪಾದಿಸಿದ್ದನು. ಅಪಾಯವನ್ನು ಕಾವಲಿಟ್ಟು ಕಾಯುವುದಕ್ಕಿಂತ, ಅಪಾಯದ ದಾಸ್ತಾನನ್ನೇ ಕಡಿಮೆ ಮಾಡುವುದು ಶ್ರೇಷ್ಠವೆಂಬುದು ಇದರ ತಾತ್ಪರ್ಯ.

ನಮ್ಮ ನಿದರ್ಶನಕ್ಕೆ ನೇರವಾಗಿ ಸಂಬಂಧಿಸಿದ ಘಟನೆಯೂ ಒಂದುಂಟು. ಭೋಪಾಲ ದುರಂತಕ್ಕೆ ವರ್ಷ ತುಂಬಿದ ಮರುದಿನಗಳಲ್ಲಿಯೇ, ೧೯೮೫ರ ಡಿಸೆಂಬರ್ ೪ರಂದು, ದೆಹಲಿಯ ಜನನಿಬಿಡ ಪ್ರದೇಶದಲ್ಲಿದ್ದ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಮ್ ಸೋರಿತು. ಗಂಧಕಾಮ್ಲದಲ್ಲಿ ಇನ್ನಷ್ಟು ಟ್ರೈಆಕ್ಸೈಡ್ ಕರಗಿರುವ ದ್ರವಕ್ಕೆ ಓಲಿಯಮ್ ಎಂದು ಹೆಸರು. ಗಾಳಿಗೆ ತೆರೆದೊಡನೆ ಅದು ಮೇಲೆ ಹೇಳಿದ ಆಮ್ಲಮಂಜನ್ನು ಕಾರುತ್ತದೆ. ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೬ರ ಡಿಸೆಂಬರ್ ೨೦ರಂದು ಕೊಟ್ಟ ತೀರ್ಪು ಪ್ರಸಿದ್ಧವಾದುದು. ಸ್ವಭಾವತಃ ಅಪಾಯಕಾರಿಯಾದ ಉದ್ಯಮವನ್ನು ನಡೆಸುವವನು, ತಾನು ಎಚ್ಚರ ವಹಿಸಿದ್ದೆನೆಂದು ಹೇಳಿ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಹಾನಿಗೆ ಅವನೇ ಸಂಪೂರ್ಣ ಬಾಧ್ಯಸ್ಥನೆಂದು ನ್ಯಾಯಾಲಯ ಸಾರಿತು. ಎಂಜಿನಿಯರನ ಭಾಷೆಗೆ ಇದನ್ನು ತಿರುಗಿಸಿದರೆ, ಗೆರೆಯನ್ನು ದಾಟಿ ಹೊರಗೆ ಹೋದುದೆಲ್ಲವೂ ಹೊರಬಿಟ್ಟವನ ಖಾತೆಗೇ ಸೇರತಕ್ಕದ್ದು. ದ್ರವ್ಯದ ಕೀರ್ದಿಯೂ ನ್ಯಾಯದ ಕೀರ್ದಿಯೂ ಇಲ್ಲಿ ಒಂದನ್ನೊಂದು ಸಂಧಿಸಿವೆ.

೯. ಉಪಸಂಹಾರ

ಸ್ಥಾವರವಿನ್ಯಾಸದ ಸಾರವನ್ನು ಹೀಗೆ ಸಂಗ್ರಹಿಸಬಹುದು. ಒಳಬಂದುದೆಲ್ಲಕ್ಕೂ ಹೊರಹೋಗುವ ದಾರಿಯನ್ನು ಬರೆಯಬೇಕು; ಹುಟ್ಟಿದ ಶಾಖಕ್ಕೆಲ್ಲ ಒಂದು ಗತಿ ಕಾಣಿಸಬೇಕು; ವಸ್ತುಗಳ ಸ್ವಭಾವಕ್ಕೆ ತಕ್ಕ ವೇಗವನ್ನೂ ಲೋಹವನ್ನೂ ಆರಿಸಬೇಕು; ಸರಿಯಾಗಿ ನಡೆದಾಗ ಮಾತ್ರವಲ್ಲದೆ ಕೆಟ್ಟಾಗಲೂ ಏನಾಗುವುದೆಂಬುದನ್ನು ಮುಂದಾಗಿ ಕಾಣಬೇಕು; ಬದಲಾವಣೆ ಎಷ್ಟೇ ಚಿಕ್ಕದಾದರೂ ಅದನ್ನು ಮತ್ತೆ ಮೊದಲಿನಿಂದ ಲೆಕ್ಕಕ್ಕೆ ತರಬೇಕು. ಬರೆಯದೆ ಬಿಟ್ಟ ಬಾಬು ಕಾಗದದಿಂದ ಮಾಯವಾಗಬಹುದು, ಲೋಕದಿಂದ ಮಾಯವಾಗುವುದಿಲ್ಲ. ಅದನ್ನು ಯಾರೋ ಒಬ್ಬರು ತೆರಬೇಕಾಗುತ್ತದೆ. ಸಾಮಾನ್ಯವಾಗಿ ತೆರುವವರು ನಕ್ಷೆಯನ್ನು ಕಂಡೇ ಇಲ್ಲದವರು.

ಹಾಗಾದರೆ ಅಹವಾಲು ಸಭೆಗೆ ಹೋಗುವ ನಾಗರಿಕನು ಕೇಳಬೇಕಾದುದೇನು? ದಿನಕ್ಕೆ ಏನೇನು, ಎಷ್ಟೆಷ್ಟು ಒಳಗೆ ಬರುತ್ತದೆ? ಅದರಲ್ಲಿ ಎಷ್ಟು ಸರಕಾಗಿ, ಎಷ್ಟು ನೀರಾಗಿ, ಎಷ್ಟು ಹೊಗೆಯಾಗಿ ಹೊರಗೆ ಹೋಗುತ್ತದೆ? ಒಳಗೆ ಯಾವ ಅಪಾಯಕಾರಿ ವಸ್ತುವಿನ ದಾಸ್ತಾನು ಎಷ್ಟಿದೆ, ಅಷ್ಟು ಇರಲೇಬೇಕೆ? ವಿದ್ಯುತ್ತು ನಿಂತಾಗ, ಪಂಪು ನಿಂತಾಗ ಏನಾಗುತ್ತದೆ? ಈ ಪ್ರಶ್ನೆಗಳಿಗೆ ರಸಾಯನಶಾಸ್ತ್ರದ ಪದವಿ ಬೇಕಾಗಿಲ್ಲ. ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು. ಉತ್ತರಗಳು ತಾಳೆಯಾಗದಿದ್ದರೆ ಮುಂದಿನ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಇಂತಹ ಲೆಕ್ಕವನ್ನು ನಮ್ಮ ನುಡಿಯಲ್ಲಿ ಕೇಳುವುದಕ್ಕೂ ಹೇಳುವುದಕ್ಕೂ ಬೇಕಾದ ಮಾತುಗಳು, ಕೀರ್ದಿ, ಶಿಲ್ಕು, ತಾಳೆ, ಬಾಬು ಎಂಬುವು, ನಮ್ಮ ಅಂಗಡಿಗಳಲ್ಲಿಯೂ ಆಲೆಮನೆಗಳಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿವೆ. ಅವನ್ನು ಕಾರ್ಖಾನೆಯ ಬಾಗಿಲಿನವರೆಗೆ ಒಯ್ಯುವ ಕೆಲಸ ಮಾತ್ರ ನಮ್ಮದಾಗಿದೆ.